ಕೊನೆಯ ಹಾಡು, ಕೊನೆಯ ಬಸ್ಸು

ತಬಲಾಗೂ ಚಳಿಯಾಗುತ್ತದೆ ಎಂದರೆ ನೀವು ನಗುತ್ತೀರಿ. ನಗಿ. ಹೋದ ಭಾನುವಾರ ಸಂಜೆ ನಮ್ಮ ಜಯನಗರದ ಮೈದಾನದಲ್ಲಿ ಕೂತಿದ್ದವರು ಮಾತ್ರ ನಗುವುದಿಲ್ಲ.

ಬಡಾವಣೆಯ ಸಂಘದ ವಾರ್ಷಿಕೋತ್ಸವ. ಧನುರ್ಮಾಸದ ಚಳಿ, ಬಟಾಬಯಲು, ಅದರಲ್ಲಿ ನಮ್ಮ ವಾದ್ಯವೃಂದದ ಕಾರ್ಯಕ್ರಮ. (ವಾದ್ಯವೃಂದ ಎಂದರೆ ಗಾಬರಿಯಾಗಬೇಡಿ. ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ಕೊಳಲು, ಮತ್ತೆ ನನ್ನ ಪಿಟೀಲು.) ಇಬ್ಬನಿ ಬಿತ್ತೆಂದರೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂ ಹಟಮಾರಿ, ಇದ್ದಲ್ಲೇ ಇರುತ್ತದೆ. ಹೀಗಾಗಿ ಆಗಾಗ ತಬಲಾವನ್ನು ಪೆಟ್ರೋಮ್ಯಾಕ್ಸ್ ದೀಪದ ಪಕ್ಕ ಇಟ್ಟು ಬೆಚ್ಚಗೆ ಮಾಡುವುದು, ನಾವು ಮಫ್ಲರ್ ಬಿಗಿದುಕೊಂಡು ಕಾಯುವುದು. ನನ್ನ ಬೆರಳುಗಳನ್ನೂ ಅಲ್ಲೇ ಕಾಯಿಸಿಕೊಂಡೆ, ಸುಳ್ಳೇಕೆ ಹೇಳಲಿ?

ಆದರೆ ನಾನು ಹೇಳಹೊರಟಿದ್ದು ತಬಲಾದ ವಿಷಯವಲ್ಲ. ಸರೋಜಳ ವಿಷಯ.

ಸರೋಜ ನಮ್ಮ ಬೀದಿಯ ಸೊಸೆ. ತವರು ಉತ್ತರಹಳ್ಳಿ. ಹುಡುಗಿಯಾಗಿದ್ದಾಗ ಸಂಗೀತ ಪಾಠಕ್ಕೆ ಹೋಗುತ್ತಿದ್ದಳಂತೆ. ಅವಳಪ್ಪ ಮುನಿಯಪ್ಪನವರು, ಮರ್ಯಾದಸ್ಥರ ಮನೆಯ ಹೆಣ್ಣಿಗೆ ಇದೆಲ್ಲ ಬೇಡ ಎಂದು ಒಂದೇ ಮಾತಿನಲ್ಲಿ ಬಿಡಿಸಿದರಂತೆ. ಅಂದಿನಿಂದ ಅಪ್ಪನ ಮುಂದೆ ಅವಳು ಗುನುಗಿದ್ದೂ ಇಲ್ಲ. ಗಂಡ ಪುಣ್ಯಾತ್ಮ, ತಾನೇ ಕರೆತಂದು ನಮ್ಮ ಜೊತೆ ಸೇರಿಸಿದ. ಅವಳ ಕಂಠ ಕೇಳಿದ ಮೇಲೆ ಅಲ್ಲಿಯವರೆಗೆ ಹಾಡುತ್ತಿದ್ದ ನಾವೆಲ್ಲ ತೆಪ್ಪಗಾದೆವು.

ಈ ಸುದ್ದಿ ಹೇಗೋ ಉತ್ತರಹಳ್ಳಿ ಮುಟ್ಟಿದೆ. ಹಾಡು ಯಾವತ್ತು ಎಂದು ಈ ಸಲ ಅಪ್ಪನೇ ಕೇಳಿ ಕಳಿಸಿದ್ದಾರೆ. ಇದನ್ನು ನನ್ನ ಹೆಂಡತಿಗೆ ಹೇಳುವಾಗ ಸರೋಜ ಸೆರಗಿನಲ್ಲಿ ಕಣ್ಣೊರೆಸಿಕೊಂಡಳಂತೆ. ಅಪ್ಪ ಒಂದು ಸಲ ಕೂತು ಕೇಳಿದರೆ ಸಾಕು, ಚೆನ್ನಾಗಿದೆ ಎನ್ನುವುದೂ ಬೇಡ ಎಂದಳಂತೆ.

ಮುನಿಯಪ್ಪನವರು ಬಂದರು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಕೈಯಲ್ಲಿ ಒಂದು ಚೀಲ ಸೊಗಡವರೆಕಾಯಿ. ಮುಂದಿನ ಸಾಲಿನಲ್ಲೇ ಕುರ್ಚಿ ಕೊಟ್ಟೆವು. ಮನೆಯಲ್ಲಿ ಹಸು ಇಂದೋ ನಾಳೆಯೋ ಕರು ಹಾಕುವಂತಿದೆ, ಕೊನೆಯ ಬಸ್ಸಿಗೆ ಹೋಗಲೇಬೇಕು ಎಂದರು. ನಮ್ಮ ಹಾರ್ಮೋನಿಯಂ ರಾಮಣ್ಣ ಅವರನ್ನು ಸಮಾಧಾನ ಮಾಡಿ ಕೂರಿಸಿದ.

"ಅಷ್ಟ್ರಲ್ಲಿ ಎಲ್ಲಾ ಮುಗ್ದಿರುತ್ತೆ ಯಜಮಾನ್ರೇ. ನಿಮ್ಮ ಮಗಳದ್ದೇ ಕೊನೇ ಹಾಡು, ಸ್ಪೆಷಲ್ಲು."

ಕೊನೆಯ ಹಾಡು ಎಂದರೆ ನಮ್ಮಲ್ಲಿ ದೊಡ್ಡ ಗೌರವ. ಚೆನ್ನಾಗಿ ಹಾಡುವವರನ್ನು ಕೊನೆಗೆ ಇಟ್ಟುಕೊಂಡರೆ ಭಾಷಣ ಮುಗಿಯುವವರೆಗೂ ಜನ ಕದಲುವುದಿಲ್ಲ. ಯಾವ ಸಂಘಕ್ಕೆ ಗೊತ್ತಿಲ್ಲ ಈ ಉಪಾಯ? ಸರೋಜಳೂ ಹಿಗ್ಗಿದ್ದಳು.

ನಾಲ್ಕಾರು ಹಾಡು ನುಡಿಸಿದೆವು. ಆಮೇಲೆ ಸಭೆ. ಸ್ವಾಗತ, ವರದಿ, ಹಾರ, ಅತಿಥಿಗಳ ಹಿತವಚನ. ಕೊನೆಗೆ ಅಧ್ಯಕ್ಷರು ಎದ್ದು, ಎರಡೇ ಮಾತು ಎಂದರು. (ಹಾಗೆಂದವರು ಎರಡೇ ಮಾತಾಡಿದ್ದನ್ನು ನೀವು ಕಂಡಿದ್ದೀರಾ?) ಚರಂಡಿಯಿಂದ ಹೊರಟರು, ಬೀದಿದೀಪಕ್ಕೆ ಬಂದರು, ದೇಶದ ಭವಿಷ್ಯಕ್ಕೆ ಹೋದರು. ಅವರಿಗೇನು, ಉಣ್ಣೆಯ ಕೋಟಿತ್ತು. ನಾವು ವೇದಿಕೆಯ ಮೂಲೆಯಲ್ಲಿ ವಾದ್ಯ ತಬ್ಬಿಕೊಂಡು ನಡುಗುತ್ತಿದ್ದೆವು. ಮುನಿಯಪ್ಪನವರು ಒಮ್ಮೆ ಮಗಳ ಕಡೆ, ಒಮ್ಮೆ ರಸ್ತೆಯ ಕಡೆ ನೋಡುತ್ತಿದ್ದರು. ರಾಮಣ್ಣ ಬೇಕೆಂದೇ ಕೆಮ್ಮಿದ. ನಾನು ತಂತಿ ಮೀಟಿದೆ. ಅಧ್ಯಕ್ಷರಿಗೆ ಅದು ಪ್ರೋತ್ಸಾಹದಂತೆ ಕೇಳಿಸಿರಬೇಕು.

ಅವರ ಕೋಟು ಹಿಡಿದು ಎಳೆಯುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ಮುನಿಯಪ್ಪನವರು ಎದ್ದರು. ಅವರೆಕಾಯಿಯ ಚೀಲವನ್ನು ಕುರ್ಚಿಯ ಮೇಲಿಟ್ಟರು. ವೇದಿಕೆಯತ್ತ ತಿರುಗಿ, ದೇವರ ಮುಂದೆ ನಿಂತವರ ಹಾಗೆ ಕೈಮುಗಿದು, ಬಗ್ಗಿಕೊಂಡೇ ಹೊರಟುಹೋದರು. ಬಸ್ಸು ಹೊರಟ ಸದ್ದು ನಮಗೂ ಕೇಳಿಸಿತು. ಅಧ್ಯಕ್ಷರು ಆಗ 'ಕೊನೆಯದಾಗಿ' ಎನ್ನುತ್ತಿದ್ದರು.

ಸರೋಜ ಹಾಡಿದಳು. ಮುಂದಿನ ಸಾಲಿನಲ್ಲಿ ಎಲ್ಲ ಕುರ್ಚಿಗಳಲ್ಲೂ ಜನ, ಒಂದರಲ್ಲಿ ಮಾತ್ರ ಚೀಲ. ಎರಡನೆಯ ಚರಣದಲ್ಲಿ ದನಿ ಒಡೆಯಿತು. ಜನ ಚಳಿಗೆ ಎಂದುಕೊಂಡರು. ಮುಗಿದ ಮೇಲೆ ಒನ್ಸ್ ಮೋರ್ ಎಂದು ಕೂಗಿದರು. ಅವಳು ತಲೆಯಾಡಿಸಿ ಇಳಿದುಹೋದಳು. ನನಗೆ ಪಿಟೀಲನ್ನು ಪೆಟ್ಟಿಗೆಗೆ ಹಾಕಲೂ ಮನಸ್ಸು ಬರಲಿಲ್ಲ.

ಮೊನ್ನೆ ಬೆಳಗ್ಗೆ ಮುನಿಯಪ್ಪನವರು ಮತ್ತೆ ಬಂದಿದ್ದರು. ಹಸು ಕರು ಹಾಕಿತಂತೆ, ಮಗಳಿಗೆ ಗಿಣ್ಣದ ಹಾಲು ತಂದಿದ್ದರು. ನಮ್ಮ ಮನೆಗೂ ಒಂದು ತಂಬಿಗೆ ಕೊಟ್ಟು, ಅವತ್ತು ನಡುವೆ ಎದ್ದುಹೋದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದರು. ಕ್ಷಮೆ ಕೇಳಬೇಕಾದವರು ಯಾರು, ಕೇಳುತ್ತಿರುವವರು ಯಾರು! ನಾಚಿಕೆಯಿಂದ ನಾನೇ, ಅದಕ್ಕೇನಂತೆ, ಇವತ್ತು ಮನೆಯಲ್ಲೇ ಒಂದು ಹಾಡಿಸಿ ಕೇಳಿಬಿಡಿ ಎಂದೆ.

ಅವರು ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಬ್ಯಾಡ ಅಂದೋನು ನಾನೇ ಅಲ್ವಾ ಸ್ವಾಮಿ. ಈಗ ಎದ್ರಿಗೆ ಕೂತ್ಕಂಡು ಹಾಡವ್ವ ಅನ್ನಕ್ಕೆ ಬಾಯಿ ಬರಕಿಲ್ಲ. ಸಭೇಲಾದ್ರೆ ನಾಕು ಜನದ ಮಧ್ಯೆ ಸುಮ್ಕೆ ಕೇಳ್ಬೋದಾಗಿತ್ತು."

ನಮ್ಮ ಸಂಘದ ಮುಂದಿನ ಸಭೆ ಯುಗಾದಿಗೆ. ಆ ಯಜಮಾನರನ್ನು ಯಾವ ಮುಖ ಇಟ್ಟುಕೊಂಡು ಕರೆಯಲಿ, ನೀವೇ ಹೇಳಿ?