ರುಚಿ ಗೊತ್ತಿಲ್ಲದ ಅಡುಗೆ

ಅಕ್ಕನ ಮೂಗು ಕೆಟ್ಟದ್ದು ಒಂದು ಜ್ವರದ ನಂತರ. ಮೊದಲು ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಕೆಲವು ವಾರ ಕಳೆದು ವಾಸನೆ ವಾಪಸು ಬಂತು, ಆದರೆ ತಪ್ಪಾಗಿ ಬಂತು. ಒಗ್ಗರಣೆಯ ನೀರುಳ್ಳಿ, ಕಾಫಿ, ಬಿಸಿ ತೆಂಗಿನೆಣ್ಣೆ, ಕೋಳಿ ಪದಾರ್ಥ, ಎಲ್ಲಕ್ಕೂ ಒಂದೇ ನಾತ. ಅವಳದು ಕಡಬದ ಹತ್ತಿರ ರಬ್ಬರ್ ತೋಟದ ಮನೆ. "ರಬ್ಬರ್ ಹಾಲು ಕೊಳೆತ್ರೆ ಹೇಗೆ ವಾಸನೆ ಬರ್ತದೆ, ಗೊತ್ತಲ್ಲ ನಿಂಗೆ? ಅದೇ. ತಟ್ಟೆಗೆ ಎಂತ ಹಾಕಿದ್ರೂ ಅದೇ" ಎಂದಿದ್ದಳು ಫೋನಿನಲ್ಲಿ.

ಜಗಲಿಯಲ್ಲಿ ಕೂತುಕೊಂಡೇ "ಮಸಾಲೆ ಇನ್ನೂ ಹಸಿ ಉಂಟು, ಸ್ವಲ್ಪ ಹುರಿ" ಎಂದು ಒಳಗಿದ್ದ ನನಗೆ ಕೂಗಿ ಹೇಳುತ್ತಿದ್ದವಳು ಅವಳು. ನಾನು ಅಡುಗೆ ಕಲಿತದ್ದೇ ಆ ಕೂಗಿನಿಂದ.

ಪುತ್ತೂರಿನ ಕಿವಿ-ಮೂಗಿನ ಡಾಕ್ಟರಿಗೆ ತೋರಿಸಲೆಂದು ಅಲ್ಲೇ ದರ್ಬೆಯಲ್ಲಿರುವ ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ನಿಂತವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ರವಕೆಯ ತೋಳು ಅವಳ ಕೈಯ ಮೇಲೆ ಸಡಿಲವಾಗಿ ಜೋತಾಡುತ್ತಿತ್ತು. ಡಾಕ್ಟರು ಸಮಾಧಾನದಿಂದಲೇ ಹೇಳಿದರು: ನರ ತಾನಾಗಿ ಸರಿಯಾಗಬೇಕು, ಆಗಬಹುದು, ಯಾವಾಗ ಎಂದು ಹೇಳಲಿಕ್ಕಾಗುವುದಿಲ್ಲ. ಅಕ್ಕ ತಲೆಯಾಡಿಸಿ ಎದ್ದಳು. ನಾನೇ ಇನ್ನೂ ಏನೋ ಕೇಳುವುದಿದೆ ಎಂಬಂತೆ ಕುರ್ಚಿ ಬಿಡದೆ ಕೂತಿದ್ದೆ.

ನಮ್ಮ ಮನೆಯಲ್ಲೂ ಅವಳ ಊಟ ತಣ್ಣಗಿನ ಅನ್ನ ಮೊಸರು, ಸೌತೆಕಾಯಿ, ಅಷ್ಟೇ. ನಾನು ಗಂಜಿ ಮಾಡಿದೆ, ಕಡುಬು ಮಾಡಿದೆ. ಪ್ರತಿ ಸಲ ಅವಳು ನನ್ನ ಮುಖ ನೋಡಿ ಒಂದು ತುತ್ತು ನುಂಗುವಳು, ಆಮೇಲೆ ಮೆಲ್ಲಗೆ ತಟ್ಟೆ ಸರಿಸುವಳು. ಆ ಒಂದು ತುತ್ತು ನನಗಾಗಿ ಎಂದು ನನಗೆ ಗೊತ್ತಾಗುತ್ತಿತ್ತು.

ಒಂದು ಬೆಳಗ್ಗೆ ಮೊಬೈಲು ಹಿಡಿದುಕೊಂಡು ಬಂದಳು. ಯಾವುದೋ ದೇಶದ ಹೆಂಗಸೊಬ್ಬಳು ಉದ್ದುದ್ದ ಸ್ಪಗೆಟ್ಟಿಯ ಮೇಲೆ ಕೆಂಪು ಟೊಮೆಟೊ ಸಾಸು ಸುರಿದು, ಅದರ ಮೇಲೆ ಮಾಂಸದ ಉಂಡೆಗಳನ್ನು ಇಡುತ್ತಿದ್ದಳು.

"ಇದು ಮಾಡುವ" ಎಂದಳು ಅಕ್ಕ.

"ಇದಾ? ನಾವು ಯಾವತ್ತೂ ತಿಂದದ್ದೇ ಇಲ್ಲ."

"ಅದಕ್ಕೇ ಮಾರಾಯ್ತಿ. ಕೋಳಿ ಸುಕ್ಕ ಹೇಗಿರ್ಬೇಕು ಅಂತ ನಂಗೆ ಗೊತ್ತುಂಟು, ಹಾಗಾಗಿ ಬೇಜಾರಾಗುದು. ಇದರ ರುಚಿ ಗೊತ್ತೇ ಇಲ್ಲ. ಇದು ಹೀಗೇ ಇರುದು ಅಂತ ತಿನ್ಬಹುದು."

ಇಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ತಿಂಡಿ. ಸ್ಪಗೆಟ್ಟಿ ಪ್ಯಾಕೆಟ್ಟು ಸೂಪರ್ ಮಾರ್ಕೆಟಿನಲ್ಲಿ ಸಿಕ್ಕಿತು. ಮೂಳೆ ಇಲ್ಲದ ಕೋಳಿ ತಂದು ಮಿಕ್ಸಿಯಲ್ಲಿ ತಿರುಗಿಸಿದೆ. ನೀರುಳ್ಳಿ ಬೇಡ ಎಂದು ನಾನೇ ತೀರ್ಮಾನಿಸಿದೆ. ಬೆಳ್ಳುಳ್ಳಿ ಹಾಕುವುದೋ ಬಿಡುವುದೋ ಎಂದು ಗೊತ್ತಾಗದೆ ಎರಡೇ ಎಸಳು ಜಜ್ಜಿಟ್ಟೆ. ಉಂಡೆ ಕಟ್ಟುವ ಕೆಲಸ ಅಕ್ಕ ತಾನೇ ತೆಗೆದುಕೊಂಡಳು. ಹಸಿ ಮಾಂಸದಿಂದ ಅವಳಿಗೆ ತೊಂದರೆ ಇರಲಿಲ್ಲ. ಅಂಗೈಗೆ ನೀರು ಮುಟ್ಟಿಸಿ, ಉರುಟಾಗಿ, ಒಂದರ ಹಾಗೆ ಇನ್ನೊಂದು, ಸಾಲಾಗಿ ತಟ್ಟೆಯಲ್ಲಿಟ್ಟಳು. ಪಕ್ಕದಲ್ಲಿ ನಾನೂ ನಾಲ್ಕೈದು ಕಟ್ಟಿದೆ. "ನಿನ್ನದು ನೋಡು, ಒಂದು ನೆಲ್ಲಿಕಾಯಿ, ಒಂದು ಲಿಂಬೆ" ಎಂದು ನನ್ನನ್ನು ತಮಾಷೆ ಮಾಡಿ ನಕ್ಕಳು. ಎಷ್ಟೋ ಸಮಯದ ನಂತರ ಅಡುಗೆಮನೆಯಲ್ಲಿ ಅವಳ ನಗು ಕೇಳಿ, ಇವತ್ತು ಸರಿಹೋಗುತ್ತದೆ ಎಂದೇ ನಂಬಿಬಿಟ್ಟೆ.

ಎಣ್ಣೆಗೆ ಬೆಳ್ಳುಳ್ಳಿ ಬಿತ್ತು. ಚುರ್ ಎಂದದ್ದಷ್ಟೇ, ಅಕ್ಕನ ಮುಖ ಬಿಳಿಚಿತು. ಸೆರಗು ಮೂಗಿಗೊತ್ತಿಕೊಂಡು ಹೊರಗೆ ಓಡಿದಳು. ಗೇಟಿನ ಹತ್ತಿರ ಬಗ್ಗಿ ವಾಂತಿ ಮಾಡುವ ಸದ್ದು ಕೇಳಿತು. ನಾನು ಗ್ಯಾಸ್ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಫ್ಯಾನ್ ಹಾಕಿ, ಹಳೆಯ ಟವೆಲ್ಲಿನಿಂದ ಗಾಳಿ ಬೀಸಿದೆ. ಹೋಗು ಎಂದರೆ ಹೋಗುವಂಥದ್ದೇ ವಾಸನೆ? ನನ್ನ ಮೂಗಿಗೆ ಅದು ಹಸಿವು ಹುಟ್ಟಿಸುವಷ್ಟು ಚೆನ್ನಾಗಿತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

ನೀರು ತೆಗೆದುಕೊಂಡು ಹೋದೆ. ಬಾಯಿ ಮುಕ್ಕಳಿಸಿ, "ಒಲೆ ಯಾಕೆ ನಂದಿಸಿದ್ದು?" ಎಂದು ಕೇಳಿದಳು.

"ಬಿಡು ಅಕ್ಕ, ಬೇಡ."

"ಬೇಡ ಅಂದ್ರೆ? ಅಷ್ಟು ಉಂಡೆ ಕಟ್ಟಿದ್ದು ಬಿಸಾಡ್ಲಿಕ್ಕಾ? ಹೋಗು, ಮಾಡು. ನಾನು ಇಲ್ಲೇ ಇರ್ತೇನೆ."

ಒಳಗೆ ಬಂದು ಉಂಡೆ ಕರಿದೆ, ಸಾಸು ಕುದಿಸಿದೆ. ಕೆಲವು ಉಂಡೆ ಒಡೆದವು. ಬೇಯಿಸಿದ ಸ್ಪಗೆಟ್ಟಿಯನ್ನು ಸ್ವಲ್ಪ ಬೇರೆ ತೆಗೆದು, ತಣ್ಣೀರು ಹೊಯ್ದು, ಬರೀ ಉಪ್ಪು ಹಾಕಿ ಅವಳಿಗೆ ಕೊಟ್ಟೆ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಎಳೆ ಎಳೆಯಾಗಿ ತಿಂದಳು. ನಾತ ಇಲ್ಲ ಎಂದಳು. ರುಚಿಯೂ ಇಲ್ಲ ಎಂದಳು.

"ನೀನು ತಾ ನಿನ್ನ ತಟ್ಟೆ. ಬಾಗಿಲಲ್ಲೇ ನಿಲ್ಲು, ಹತ್ತಿರ ಬರ್ಬೇಡ. ತಿಂದು ಹೇಳು."

ಹಾಗಾಗಿ ನಾನು ಬಾಗಿಲಲ್ಲಿ, ಅವಳು ಗೇಟಿನ ಬಳಿ. ಒಂದು ಉಂಡೆ ಬಾಯಿಗಿಟ್ಟೆ.

"ಹೇಗುಂಟು?"

"ಒಳ್ಳೆದುಂಟು."

"ಒಳ್ಳೆದು ಅಂದ್ರೆ ಎಂತ? ಹುಳಿ ಉಂಟಾ? ಉಂಡೆ ಮೆತ್ತಗೆ ಆಗಿದ್ಯಾ?"

ಹುಳಿ, ಸ್ವಲ್ಪ ಸಿಹಿ, ಮೆತ್ತಗೆ ಎಂದೆ. ಮತ್ತೆ ಎಂತ ಎಂದು ಕೇಳಿದಳು. ಮತ್ತೆ ಏನು ಹೇಳುವುದು? ಬಾಯಲ್ಲಿ ಇಷ್ಟೆಲ್ಲ ಆಗುತ್ತಿದ್ದರೂ ಒಂದನ್ನೂ ಅವಳವರೆಗೆ ಮುಟ್ಟಿಸುವ ಶಬ್ದ ನನ್ನಲ್ಲಿರಲಿಲ್ಲ. ಅವಳು ಕಾಯುತ್ತಲೇ ಇದ್ದಳು. ರಸ್ತೆಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು "ಎಂತ, ಅಕ್ಕ ತಂಗಿ ಜಗಳವಾ?" ಎಂದು ನಗುತ್ತಾ ದಾಟಿದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅಕ್ಕನೇ, "ಸಾಕು, ಗೊತ್ತಾಯ್ತು. ನೀನು ಹೊಟ್ಟೆ ತುಂಬ ತಿನ್ನು" ಎಂದಳು. ಏನೂ ಗೊತ್ತಾಗಿರಲಿಲ್ಲ ಅವಳಿಗೆ.

ಮರುದಿನ ಕಡಬದ ಬಸ್ಸು ಹತ್ತಿಸಲು ಹೋದೆ. ನಿಲ್ದಾಣದ ಹೋಟೆಲಿನಲ್ಲಿ ಗೋಳಿಬಜೆ ಕರಿಯುತ್ತಿದ್ದರು. ಅಕ್ಕ ಕಿಟಕಿಯ ಗಾಜು ಎಳೆದು ಮುಚ್ಚಿಕೊಂಡಳು. ಗಾಜಿನ ಆಚೆಯಿಂದ, ನೀನು ಹೋಗು ಎಂದು ಕೈ ಮಾಡಿದಳು. ನಾನು ಬಸ್ಸು ಹೊರಡುವವರೆಗೂ ಅಲ್ಲೇ ನಿಂತೆ. ನಿಂತು ಮಾಡುವಂಥದ್ದು ಏನೂ ಇರಲಿಲ್ಲ.

ಈಗಲೂ ಹೆಚ್ಚೇನೂ ಬದಲಾಗಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಭಾವನಿಗೆ ಅಡುಗೆ ಮಾಡುತ್ತಾಳಂತೆ. ಸಂಜೆ ಫೋನು ಮಾಡಿದಾಗ ತೋಟದ್ದು, ಮಳೆಯದ್ದು, ಊರಿನದ್ದು ಎಲ್ಲ ಮಾತಾಡುತ್ತೇವೆ. ಊಟ ಆಯ್ತಾ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ.