ಅತ್ತೆಗೊಂದು ಮೊಳದೆತ್ತರದ ಸ್ಟೂಲು

ಇಂಡಿ ಪಟ್ಟಣದಲ್ಲಿ ನಾನು ಎಂಟನೇ ಇಯತ್ತೆ ಓದುವಾಗ ಶನಿವಾರದ ಕಡೆಯ ಎರಡು ಪಿರಿಯಡ್ಡು ಕೈಕೆಲಸಕ್ಕೆ ಮೀಸಲು. ಹುಡುಗರಿಗೆ ಬಡಿಗತನ, ಹುಡುಗಿಯರಿಗೆ ಹೊಲಿಗೆ. ನಾವು ಕರವಸ್ತ್ರದ ಅಂಚು ಮಡಿಚಿ ಹೊಲಿಯುತ್ತ ಕೂತರೆ ಪಕ್ಕದ ಕೋಣೆಯಿಂದ ಗರಗಸದ ಸದ್ದು ಬರುತ್ತಿತ್ತು, ಆಗತಾನೇ ಕೊಯ್ದ ಕಟ್ಟಿಗೆಯ ವಾಸನೆ ಬರುತ್ತಿತ್ತು. ನನ್ನ ಸೂಜಿ ಬೆರಳಿಗೆ ಚುಚ್ಚುತ್ತಿದ್ದದ್ದು ಬಹುಪಾಲು ಆ ವಾಸನೆಯಿಂದಲೇ. ಒಮ್ಮೆ ಧೈರ್ಯ ಮಾಡಿ ಬಡಿಗತನದ ಮಾಸ್ತರರ ಹತ್ತಿರ ಹೋಗಿ, ನನಗೂ ಕಲಿಸಿರಿ ಎಂದು ಕೇಳಿದೆ.

"ನೀ ಕಟಗಿ ಕೊಯ್ದು ಏನ ಮಾಡಾಕಿ? ಹೋಗು, ಸೂಜಿ ಹಿಡಿ" ಅಂದರು. ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು. ನಾನೂ ನಕ್ಕು ಬಂದುಬಿಟ್ಟೆ. ಆಮೇಲೆ ಕಾಲೇಜು, ನೌಕರಿ, ಸಿಂದಗಿಗೆ ಮದುವೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಐವತ್ತೆರಡಕ್ಕೆ ಬಂದೆ. ಈ ಗರಗಸದ ಆಸೆ ಎಲ್ಲಿ ಹೋಗಿ ಅಡಗಿತ್ತೋ ನನಗೆ ಗೊತ್ತಿರಲಿಲ್ಲ.

ಅದನ್ನು ಹೊರಗೆ ತೆಗೆದದ್ದು ನಮ್ಮ ಅತ್ತೆಯ ಮೊಣಕಾಲು.

ಅತ್ತೆಗೆ ಎಂಬತ್ತು ದಾಟಿದೆ. ನಾನು ಅವರನ್ನು ಅವ್ವಾ ಎಂದೇ ಕರೆಯುತ್ತೇನೆ, ಅವರು ನನ್ನನ್ನು ಇಂದಿಗೂ "ಹುಡುಗಿ" ಅನ್ನುತ್ತಾರೆ. ಬೆಳಗ್ಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ದೇವರ ಮನೆಯಲ್ಲಿ ನೆಲಕ್ಕೆ ಮಣೆ ಹಾಕಿಕೊಂಡು ಕೂತರೆ ಒಂದು ತಾಸು ಏಳುತ್ತಿರಲಿಲ್ಲ. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ನಡುನಡುವೆ ಸ್ತೋತ್ರ ಹೇಳುವುದು. ಹೋದ ವರ್ಷ ಡಾಕ್ಟರು ಇನ್ನು ಮೇಲೆ ನೆಲಕ್ಕೆ ಕೂಡಲೇಬಾರದು ಎಂದರು. ನನ್ನ ಮನೆಯವರು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಅವ್ವ ಅದನ್ನು ಮುಟ್ಟಲೂ ಇಲ್ಲ.

"ಪ್ಲಾಸ್ಟಿಕ್ಕು ಮಡೀಗೆ ಬರೂದಿಲ್ಲ. ಮತ್ತ ಅದರಾಗ ಒರಗಿ ಕೂತ್ರ ದೇವ್ರ ಮುಂದ ಕಾಲು ಚಾಚಿದ್ಹಂಗ ಆಗ್ತದ. ಛೀ" ಅಂದರು.

ಅಂದಿನಿಂದ ಪಡಸಾಲೆಯ ಮಂಚದ ಮೇಲೆಯೇ ಕೂತು ಬತ್ತಿ ಹೊಸೆಯತೊಡಗಿದರು. ದೇವರ ಮನೆಯ ಕಡೆ ತಿರುಗಿ ಸ್ತೋತ್ರ ಹೇಳುತ್ತಿದ್ದರು, ಆದರೆ ಅರ್ಧಕ್ಕೇ ಬಿಟ್ಟು ಸುಮ್ಮನಾಗುತ್ತಿದ್ದರು. ಶಾಲೆಗೆ ಹೊರಡುವ ಗಡಿಬಿಡಿಯಲ್ಲೂ ಆ ಅರ್ಧಕ್ಕೆ ನಿಂತ ದನಿ ನನ್ನ ಕಿವಿಗೆ ಬೀಳುತ್ತಿತ್ತು. ಬೇಕಾದದ್ದು ಇಷ್ಟೇ: ಒಂದು ಮೊಳ ಎತ್ತರದ, ಕಟ್ಟಿಗೆಯದೇ ಆದ, ಗಟ್ಟಿ ಸ್ಟೂಲು. ಪೇಟೆಯಲ್ಲಿ ಅಂಥದ್ದು ಎಲ್ಲೂ ಸಿಗಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಬಡಿಗರಿದ್ದಾರೆ. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಅವರ ಕೈಯವೇ. ಅವರಿಗೆ ಹೇಳಿದೆ. ಸೋಮವಾರ ಕೊಡುತ್ತೇನೆ ಅಂದರು. ಆರು ಸೋಮವಾರ ಹೋದವು. ಬೇಸಿಗೆ ರಜೆ ಬಿಟ್ಟ ಮರುದಿನ ನಾನೇ ಅವರ ಅಂಗಡಿಗೆ ಹೋಗಿ ಕೂತೆ.

ಅವರು ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಸುಳ್ಳ ಯಾಕ ಹೇಳ್ಲಿ ಅಕ್ಕೋರ? ಉಳಿ ಹಿಡ್ಯಾಕ ಆಗವಲ್ದು. ಮಕ್ಕಳು ಪ್ಲೈವುಡ್ ಕಪಾಟ ಮಾಡ್ತಾರ, ಇಂಥಾ ಕೆಲಸ ಅವರಿಗೆ ಬರಂಗಿಲ್ಲ. ನಿಮಗ ಇಲ್ಲ ಅನ್ನಾಕ ನಾಚಿಕಿ ಆತು. ಅದಕ್ಕ ಸೋಮವಾರ, ಸೋಮವಾರ ಅಂತ ಬಂದೆ."

ನನ್ನ ಬಾಯಿಂದ ಮಾತು ತಾನೇ ಹೊರಬಿತ್ತು. "ಹಂಗಾದ್ರ ನನಗ ಕಲಸ್ರಿ. ಕೈ ನಂದು, ಕಣ್ಣು ನಿಮ್ದು."

ಮುದುಕ ನಕ್ಕರು. ನಾನು ನಗಲಿಲ್ಲ ಎಂದು ಕಂಡ ಮೇಲೆ ನಗು ನಿಲ್ಲಿಸಿದರು. ಒಳಗೆ ಹೋಗಿ ಗರಗಸ, ಎರಡು ಉಳಿ, ಕಟ್ಟಿಗೆ ಹೆರೆಯುವ ರಂದಾ, ಮೂಲೆ ನೆಟ್ಟಗಿದೆಯೋ ನೋಡುವ ಗುಣ್ಯಾ ತಂದು ನನ್ನ ಮುಂದಿಟ್ಟರು.

ನಮ್ಮ ಹಿತ್ತಲಲ್ಲಿ, ಬಾಗಿಲಿಗೆ ಹೊಸ ಚೌಕಟ್ಟು ಕೂಡಿಸಿದಾಗ ಉಳಿದ ಬೇವಿನ ಹಲಗೆಗಳಿದ್ದವು. ಮೂರು ದಿನ ಮುದುಕ ನನ್ನಿಂದ ಬರೀ ಕೊಯ್ಯಿಸಿದರು. ಗೆರೆ ಹಾಕುವುದು, ಕೊಯ್ಯುವುದು. ನನ್ನ ಗರಗಸ ಎರಡು ಬೆರಳು ಒಳಗೆ ಹೋಗುವಷ್ಟರಲ್ಲಿ ಗೆರೆ ಬಿಟ್ಟು ಓಡುತ್ತಿತ್ತು.

"ಅಕ್ಕೋರ, ಅದರ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ. ನೀವು ಒತ್ತಾಕತ್ತೀರಿ. ಒತ್ತಬಾರದು, ಸುಮ್ನ ಜಗ್ಗಬೇಕು. ಕೊಯ್ಯೂದು ಅದರ ಕೆಲಸ."

ನಾಲ್ಕನೆಯ ದಿನ ಗರಗಸ ಗೆರೆಯ ಮೇಲೆ ನೆಟ್ಟಗೆ ಇಳಿದು, ತುಂಡು ತಾನಾಗಿ ಕಳಚಿ ಬಿತ್ತು. ನಾನು ಅದನ್ನು ಎತ್ತಿಕೊಂಡು ಮೂಸಿದೆ. ಬೇವಿನ ಕಹಿ ವಾಸನೆ. ತಲೆ, ಹುಬ್ಬು, ಸೀರೆಯ ತುಂಬ ಕಟ್ಟಿಗೆಯ ಹೊಟ್ಟು. ಮನೆಯವರು ಕಚೇರಿಯಿಂದ ಬಂದವರು ಬಾಗಿಲಲ್ಲೇ ನಿಂತು, "ಈ ಮನ್ಯಾಗ ಗಣಿತದ ಟೀಚರೊಬ್ರು ಇದ್ರಲ್ಲಾ, ಎಲ್ಲಿಗೆ ಹೋದ್ರು?" ಎಂದು ಕೇಳಿದರು. ನಾನು ಆಗಲೇ ಮುಂದಿನ ಗೆರೆ ಹಾಕುತ್ತಿದ್ದೆ.

ಹಲಗೆಯಲ್ಲಿ ನಾಲ್ಕು ಚೌಕ ತೂತು ಕೊರೆದು, ಕಾಲುಗಳ ತುದಿಯನ್ನು ಅವಕ್ಕೆ ಸರಿಯಾಗಿ ಕೆತ್ತಿ ಕೂಡಿಸಬೇಕು. ಮೊಳೆ ಹೊಡೆಯುವ ಹಾಗಿಲ್ಲ. ಎಂಟು ದಿನಕ್ಕೆ ನನ್ನ ಮೊದಲ ಸ್ಟೂಲು ನಿಂತಿತು. ದೇವರ ಮನೆಗೆ ಒಯ್ದಿಟ್ಟೆ. ಅವ್ವ ಅಂಗೈ ಊರಿ ನೋಡಿದರು. ಟಕ್ ಎಂದಿತು. ಮತ್ತೊಂದು ಕಡೆ ಊರಿದರು. ಮತ್ತೆ ಟಕ್.

ಒಂದು ಕಾಲು ಉದ್ದವಾಗಿದೆ ಎಂದುಕೊಂಡು ತುಸು ಕೊಯ್ದೆ. ಈಗ ಇನ್ನೊಂದು ಕಾಲು ಎದ್ದಿತು. ಅದನ್ನು ಕೊಯ್ದೆ. ಎರಡು ದಿನ ಇದೇ ಕೆಲಸ. ಕೊನೆಗೆ ಮೊಳದ ಸ್ಟೂಲು ಒಂದೂವರೆ ಗೇಣಿಗೆ ಇಳಿದಿತ್ತು, ಟಕ್ ಮಾತ್ರ ಹಾಗೇ ಇತ್ತು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹುಡುಗಿ, ಇನ್ನೆರಡ ಸಲ ಕೊಯ್ದ್ರ ಕೂಡೂ ಮಣಿ ಆಗ್ತದ ನೋಡು. ಮಣಿ ಮನ್ಯಾಗ ಅದ" ಅಂದರು.

ಅವರು ನಗಿಸಲೆಂದೇ ಹೇಳಿದ್ದು. ನಾನು ಮಾತ್ರ ಗರಗಸ ಕೆಳಗಿಟ್ಟೆ. ಹಿತ್ತಲಿಗೆ ಹೋಗಿ ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟೆ. ಅಲ್ಲೇ ಕೂತಾಗ ಒಂಬತ್ತನೇ ತರಗತಿಯ ಪಾಠ ನೆನಪಾಯಿತು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಅಲುಗಾಡದು! ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡೆ. ಮುದುಕರನ್ನೂ ಕೇಳದೆ ಆರು ದಿನದಲ್ಲಿ ಮೂರು ಕಾಲಿನದೊಂದು ಮಾಡಿದೆ. ಕಲ್ಲಿನ ಹಾಗೆ ಕೂತಿತು. ಅವ್ವ ಕೂತರು. ನಾನು ಗೆದ್ದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಅವ್ವ ದೀಪದ ಬತ್ತಿ ಮುಂದೆ ಮಾಡಲು ಬಲಕ್ಕೆ ಬಾಗಿದರು. ಆ ಕಡೆ ಕಾಲಿರಲಿಲ್ಲ. ಸ್ಟೂಲು ಮಗುಚಿತು. ನಾನು ಹಾರಿ ಹಿಡಿದುಕೊಂಡೆ, ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ನನ್ನ ಮೈಮೇಲೆ ಬಿದ್ದದ್ದರಿಂದ ಅವರಿಗೆ ಏನೂ ಆಗಲಿಲ್ಲ. ಎಣ್ಣೆಯ ಗಿಂಡಿ ಮಾತ್ರ ಚೆಲ್ಲಿತು. ನಾನು ಅವರ ಕೈಕಾಲು ಮುಟ್ಟಿ ಮುಟ್ಟಿ ನೋಡಿದೆ.

ಮನೆಯವರು ಓಡಿಬಂದರು. "ಸಾಕು ಇನ್ನ, ಈ ಬಡಿಗತನ ಬ್ಯಾಡ" ಅಂದರು. ನಾನೂ ಹೂಂ ಎಂದೆ. ಅದು ಮನಸ್ಸಿನಿಂದಲೇ ಬಂದದ್ದು.

ಅವ್ವ ಕೂದಲಿಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಮಗನಿಗೆ ಅಂದರು, "ನೀ ಸೈಕಲ್ ಕಲಿಯೋ ಮುಂದ ಎಷ್ಟ ಸಲ ಬಿದ್ದಿ? ನಾ ಬ್ಯಾಡ ಅಂದಿದ್ನೇನು? ಬಿದ್ದಾಕಿ ನಾನು, ನನಗೇ ಅಂಜಿಕಿ ಇಲ್ಲ. ಹುಡುಗಿ, ನಾಲ್ಕ ಕಾಲಿಂದ ಮಾಡು. ಜಲ್ದಿ ಮಾಡು. ಸಾಲಿ ಚಾಲೂ ಆದ್ರ ನಿನಗ ವ್ಯಾಳ್ಯಾ ಇರೂದಿಲ್ಲ."

ಮೂರನೆಯದನ್ನು ಮುದುಕರ ಅಂಗಡಿಯಲ್ಲೇ ಮಾಡಿದೆ. ಅವರು ಪ್ರತಿ ಕಾಲನ್ನೂ ಅಳೆದರು, ಗುಣ್ಯಾ ಹಿಡಿದರು, ಹಲಗೆ ಸರಿಯಾದ ಚೌಕ ಎಂದು ಎರಡೆರಡು ಸಲ ನೋಡಿದರು. ಕಾಲಿನಿಂದ ಕಾಲಿಗೆ ಅಡ್ಡಪಟ್ಟಿ ಕೂಡಿಸಿದೆವು. ಅಂಗಡಿಯ ಕಟ್ಟೆಯ ಮೇಲಿಟ್ಟು ಅವರೇ ಹತ್ತಿ ನಿಂತರು. ಇಷ್ಟೂ ಅಲುಗಾಡಲಿಲ್ಲ. ತಲೆಯ ಮೇಲೆ ಹೊತ್ತು ಮನೆಗೆ ತಂದೆ. ದಾರಿಯಲ್ಲಿ ನನ್ನ ವಿದ್ಯಾರ್ಥಿನಿಯರು ಸಿಕ್ಕು, ಬಾಯಿಗೆ ಕೈಯಿಟ್ಟುಕೊಂಡು ನಗುತ್ತ ನಮಸ್ಕಾರ ಮಾಡಿದರು.

ದೇವರ ಮನೆಯಲ್ಲಿ ಇಟ್ಟೆ. ಟಕ್.

ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಮುದುಕರನ್ನು ಕೈಹಿಡಿದು ಎಳೆದುಕೊಂಡು ಬಂದೆ ಅಂದರೂ ತಪ್ಪಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲ ಈಚೆ ನಿಂತು, ಒಂದು ತಂಬಿಗೆ ನೀರು ಕೇಳಿದರು. ಕುಡಿಯಲು ಅಂದುಕೊಂಡೆ. ಅವರು ಅದನ್ನು ದೇವರ ಮನೆಯ ನೆಲದ ಫರಸಿಕಲ್ಲಿನ ಮೇಲೆ ನಿಧಾನ ಸುರಿದರು. ನೀರು ಸ್ವಲ್ಪ ಯೋಚಿಸಿದಂತೆ ನಿಂತು, ನಡುವಿನ ತಗ್ಗಿಗೆ ಹರಿದು, ಅಲ್ಲಿಂದ ಮೂಲೆಯ ಕಡೆ ಓಡಿತು.

"ಅಕ್ಕೋರ" ಅಂದರು ಮುದುಕ, ನಗು ತಡೆಯಲಾಗದೆ, "ಸ್ಟೂಲ ಬರೋಬ್ಬರಿ ಐತ್ರಿ. ನೆಲ ಡೊಂಕ ಐತಿ. ಮೊದಲನೇದ್ದೂ ಬರೋಬ್ಬರಿನ ಇತ್ತೋ ಏನೋ. ಪಾಪ, ಅದರ ಕಾಲ ಸುಮ್ನ ಕೊಯ್ದ್ರಿ."

ಮೊದಲು ನಕ್ಕವರು ಅವ್ವ. ಆಮೇಲೆ ಮನೆಯವರು. ಅವರು ಗೋಡೆಗೆ ಆತುಕೊಂಡು ನಕ್ಕದ್ದು ನೋಡಿ ನನಗೂ ತಡೆಯಲಾಗಲಿಲ್ಲ. ಸಮತಲದ ಪಾಠ ಮಾಡುವವಳು ನೆಲವೇ ಸಮ ಇದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ!

ನಾವು ಮೂವರು ನೆಲ ಕಿತ್ತು ಹೊಸ ಕಲ್ಲು ಹಾಕುವ ಮಾತಿಗೆ ಇಳಿದೆವು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಒಳಗೆ ಹೋಗಿ, ಸ್ಟೂಲನ್ನು ಇದ್ದಲ್ಲೇ ಸ್ವಲ್ಪ ತಿರುಗಿಸಿ ಕೈ ಊರಿದರು. ಟಕ್. ಇನ್ನಷ್ಟು ತಿರುಗಿಸಿದರು. ಸಣ್ಣಗೆ ಟಕ್. ಇನ್ನೂ ನಾಲ್ಕು ಬೆರಳು ತಿರುಗಿಸಿ ಊರಿದರು. ಸದ್ದಿಲ್ಲ.

"ಇಲ್ಲಿ ಕೂಡ್ತದ ನೋಡ್ರಿ" ಅಂದರು. "ಹಿಂದಕ ಒಳಕಟ್ಟಿನ್ಯಾಗ ಒಂದ ಮಂಚ ಇತ್ತು. ಅದನ್ನ ಹಿಂಗ ತಿರುವಿ ತಿರುವೀನ ಹಾಕ್ತಿದ್ವಿ."

ನಾನು ಪೆನ್ಸಿಲು ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಹಿಂದೆ ಗೀಚುತ್ತ ಕೂತೆ. ನಾಲ್ಕೂ ಕಾಲು ಸಮವಿದ್ದು, ಹಲಗೆ ಚೌಕವಿದ್ದರೆ, ಈಗ ಓರೆಯಾಗಿ ಎದುರುಬದುರಿರುವ ಒಂದು ಜೋಡಿ ಕಾಲು ಅಲುಗಾಡುತ್ತಿದ್ದರೆ, ಸ್ಟೂಲನ್ನು ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿಸಿದಾಗ ಇನ್ನೊಂದು ಜೋಡಿ ಅಲುಗಾಡಬೇಕು. ಅಂದರೆ ನಡುವೆ ಎಲ್ಲೋ ಒಂದು ಕಡೆ ಯಾವುದೂ ಅಲುಗಾಡದ ಜಾಗ ಇರಲೇಬೇಕು. ಲೆಕ್ಕ ಸರಿಹೋಯಿತು. ಬಿಡಿಸಿ ಹೇಳಿದರೆ ಅವ್ವ, "ಇದನ್ನ ಬರದು ನೋಡಬೇಕೇನು?" ಎಂದು ಕೇಳಿ, ರಂಗೋಲಿ ಹಿಟ್ಟಿನಿಂದ ನಾಲ್ಕು ಕಾಲಿನ ಗುರುತು ಹಾಕಿಕೊಂಡರು.

ಮರುದಿನ ಬೆಳಗ್ಗೆ ಮಡಿಯುಟ್ಟು ಸ್ಟೂಲಿನ ಮೇಲೆ ಕೂತರು. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿ, ಒಲೆ ಆರಿಸಿ, ಕಿವಿಗೊಟ್ಟು ನಿಂತೆ. ಸ್ತೋತ್ರ ಅರ್ಧ ದಾಟಿತು, ಮುಂದಕ್ಕೆ ಹೋಯಿತು, ಪೂರ್ತಿ ಮುಗಿಯಿತು. ಅವರು ಮತ್ತೊಂದು ಶುರುಮಾಡಿದರು.

ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಹಿತ್ತಲಿಗೆ ಹೋಗುತ್ತೇನೆ. ಮಸಾಲೆ ಡಬ್ಬಿಗಳಿಗೆ ಒಂದು ಹಲಗೆ ಆಯಿತು, ಮನೆಯವರ ಪುಸ್ತಕಕ್ಕೊಂದು ಅಡ್ಡಣಿಗೆ ಆಯಿತು. ಮುದುಕರು ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ ಬಯ್ಯುತ್ತಾರೆ. ಬಯ್ದು ಮುಗಿದ ಮೇಲೆ ಹೆರೆದ ಹಲಗೆಯ ಮೇಲೆ ಆ ನಡುಗುವ ಬೆರಳಾಡಿಸಿ, "ಹಾಂ, ಈಗ ಆತ್ರಿ" ಅನ್ನುತ್ತಾರೆ.

ದೀಪಾವಳಿ ರಜೆಗೆ ಮುದ್ದೇಬಿಹಾಳದ ನಾದಿನಿ ತನಗೂ ಒಂದು ಸ್ಟೂಲು ಬೇಕೆಂದಳು. ಮಾಡಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ, ಆಮೇಲೆ ಸ್ಟೂಲು ನೋಡಿ, "ನಿಮಗ ಫ್ರೀ ಐತ್ರಿ. ಇದಕ್ಕ ಆಧಾರ್ ಐತೇನು?" ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು. ಹೂವಿನ ಹಿಪ್ಪರಗಿಯಲ್ಲಿ ಇನ್ನಷ್ಟು ಜನ ಹತ್ತಿದರು. ಕಂಬ ಹಿಡಿದು ನಿಂತ ಒಬ್ಬ ಅಜ್ಜಿಗೆ ನಾನು ಸೀಟು ಕೊಡಲು ಏಳಹೋದೆ. ಆಕೆ ಒಲ್ಲೆ ಎಂದು, ನನ್ನ ತೊಡೆಯ ಮೇಲಿನ ಸ್ಟೂಲನ್ನೇ ಎತ್ತಿ ಸೀಟುಗಳ ನಡುವಿನ ದಾರಿಯಲ್ಲಿಟ್ಟು ಕೂತುಬಿಟ್ಟಳು. ಬಸ್ಸು ತಗ್ಗಿನಲ್ಲಿ ಕುಣಿದರೂ ಆಕೆ ಕುಣಿಯಲಿಲ್ಲ.

"ಎಲ್ಲಿ ತಂದಿಯವ್ವಾ ಇದನ್ನ?"

"ನಾನ ಮಾಡೀನ್ರಿ ಅಜ್ಜಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎದ್ದು ಸ್ಟೂಲನ್ನು ಮಗುಚಿ ಹಾಕಿ, ಕಾಲು ಹಲಗೆಯೊಳಗೆ ಕೂತ ಜಾಗವನ್ನು ಉಗುರಿನಿಂದ ಕೆರೆದು, ಮೊಳೆ ಹುಡುಕಿದಳು. ಸಿಗಲಿಲ್ಲ. ಪಕ್ಕದ ಸೀಟಿನವರೂ ಬಗ್ಗಿ ನೋಡಿದರು. ಅಜ್ಜಿ ಮತ್ತೆ ಅದನ್ನು ನೆಟ್ಟಗಿಟ್ಟು, ಸೆರಗು ಸರಿಮಾಡಿಕೊಂಡು, ಮೊದಲಿಗಿಂತ ಆರಾಮಾಗಿ ಕೂತು, ಎಲೆಅಡಿಕೆಯ ಚೀಲ ಬಿಚ್ಚಿ, ನನಗೂ ಒಂದು ಎಲೆ ಮಡಿಚಿ ಕೊಟ್ಟಳು.