ಅತ್ತೆ ಹೇಳಿದ ಅನ್ವಯ

ಚಳಿಗಾಲದಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಇವತ್ತಿಗೂ ನನಗೆ ನೆನಪಾಗುವುದು ವ್ಯಾಕರಣ. ನಿಮಗೆ ನಗು ಬರಬಹುದು. ತೊಂಬತ್ತರ ದಶಕದಲ್ಲಿ, ಬಸವನಗುಡಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ರುಕ್ಮಿಣತ್ತೆ ನೆನೆದ ಕಾಳು ಹಿತಕುತ್ತ ಕೂತಿರುತ್ತಿದ್ದರು. ಎದುರಿಗೆ ಹತ್ತು ವರ್ಷದ ನಾನು ಅವರ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಅಪ್ಪನ ಅಕ್ಕ ಅವರು. ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಇಪ್ಪತ್ತು ವರ್ಷ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳಲು ಬೇಕಾದ ಕನ್ನಡ ಪಂಡಿತ ಪರೀಕ್ಷೆಗೆ ಕೂರುತ್ತೇನೆಂದಾಗ ತಾತ ಪೇಪರಿನಿಂದ ತಲೆಯೆತ್ತದೆ, "ಈ ವಯಸ್ಸಲ್ಲಿ ಯಾಕಮ್ಮ ಅದೆಲ್ಲಾ?" ಎಂದರು. ಅತ್ತೆ ಮರುದಿನವೇ ಅರ್ಜಿ ತುಂಬಿದರು.

ಲಿಖಿತ ಪರೀಕ್ಷೆಯಲ್ಲಿ ಪಾಸಾದರು. ಮೌಖಿಕ ಪರೀಕ್ಷೆ ಚಾಮರಾಜಪೇಟೆಯ ಒಂದು ಶಾಲೆಯಲ್ಲಿತ್ತು. ಒಬ್ಬರೇ ಹೋಗಿ ಅಭ್ಯಾಸವಿಲ್ಲದ ಅತ್ತೆ ನನ್ನನ್ನೂ ಕರೆದೊಯ್ದರು. ತೆರೆದ ಬಾಗಿಲ ಪಕ್ಕದ ಬೆಂಚಿನಿಂದ ನನಗೆಲ್ಲ ಕಾಣುತ್ತಿತ್ತು. ವಯಸ್ಸಾದ ಪರೀಕ್ಷಕರು ಒಂದು ಹಳಗನ್ನಡ ಪದ್ಯ ಕೊಟ್ಟು ಅನ್ವಯ ಹೇಳಲು ಕೇಳಿದರು. ಛಂದಸ್ಸಿಗಾಗಿ ಹಿಂದುಮುಂದಾಗಿದ್ದ ಪದಗಳಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸಿ, ನಾವು ಮಾತಾಡುವ ಕ್ರಮಕ್ಕೆ ತಂದು ಅತ್ತೆ ಒಪ್ಪಿಸಿದರು.

"ಸರಿ. ಇದನ್ನ ಅನ್ವಯ ಅಂತ ಯಾಕಂತಾರೆ?"

ಪುಸ್ತಕದಲ್ಲಿ ಅದಿರಲಿಲ್ಲ, ಪ್ರತಿ ಪುಟ ಓದಿದ ನನಗದು ಗೊತ್ತಿತ್ತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಸಂಸ್ಕೃತದ ಮಾತು ಸರ್. ಅನು ಅಂದ್ರೆ ಹಿಂದೆ, ಅಯ ಅಂದ್ರೆ ಹೋಗೋದು. ಒಂದು ಪದದ ಹಿಂದೆ ಇನ್ನೊಂದು ಹೊಂದಿಕೊಂಡು ಹೋದ್ರೆ ವಾಕ್ಯ. ತಲೆಮಾರಿನ ಹಿಂದೆ ತಲೆಮಾರು ಬರೋದ್ರಿಂದ ವಂಶಕ್ಕೂ ಅನ್ವಯ ಅಂತಾರೆ."

ಯಾರು ಹೇಳಿಕೊಟ್ಟರು ಎಂದರು ಪರೀಕ್ಷಕರು.

"ಯಾರೂ ಇಲ್ಲ ಸರ್. ತಿಳ್ಕೊಳ್ದೆ ಇರೋಕ್ಕಾಗ್ಲಿಲ್ಲ. ಅಣ್ಣನ ನಿಘಂಟು ತೆಗೆದು ನೋಡಿದೆ."

ತಾತನನ್ನು ಅವರು ಅಣ್ಣ ಎಂದೇ ಕರೆಯುತ್ತಿದ್ದುದು. ಪರೀಕ್ಷಕರು ಪೆನ್ನು ಕೆಳಗಿಟ್ಟರು. "ನಾಳೆ ನೀವೂ ಮಕ್ಕಳನ್ನ ಹೀಗೇ ಕೇಳಿ ಮೇಡಂ," ಎಂದರು.

ಬರುವಾಗ ಅತ್ತೆ ನನ್ನ ಕೈ ಹಿಡಿದು ನೇರ ಹೋಟೆಲಿಗೆ ನುಗ್ಗಿದರು. ಇನ್ನೊಬ್ಬರು ಹುಯ್ದ ದೋಸೆಯನ್ನು ಅವರು ಬಿಸಿಬಿಸಿಯಾಗಿ, ಕೂತು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಮನೆ ಈಗಿಲ್ಲ. ಆ ಜಾಗದಲ್ಲಿ ಫ್ಲ್ಯಾಟುಗಳಿವೆ. ತಾತನಿಲ್ಲ. ಹದಿನಾಲ್ಕು ವರ್ಷ ಪಾಠ ಹೇಳಿ ಅತ್ತೆಯೂ ಹೋದರು. ಅವರು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಮಾತ್ರ ನನ್ನೊಳಗೆ ಹಾಗೇ ಇದೆ. ಗಂಜಿ ಹಾಕಿದ ಹತ್ತಿ ಸೀರೆಯುಟ್ಟು ಅವರು ಮೆಟ್ಟಿಲಿಳಿದಾಗ, ತಾತ ತಾವೇ ಹೋಗಿ ಗೇಟು ತೆರೆದು ಹಿಡಿದರು. ರಸ್ತೆಯ ತಿರುವಿನಲ್ಲಿ ಅತ್ತೆ ಮರೆಯಾಗುವವರೆಗೂ ಮನೆಮಂದಿಯೆಲ್ಲ ಅಲ್ಲೇ ನಿಂತಿದ್ದೆವು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲುತ್ತಿತ್ತು. ಯಾರೂ ಓಡಲಿಲ್ಲ.